ಟಾಕಿಯ ಸೊಟ್ಟ ಏಣಿ

ನನ್ನ ಎಡಗಣ್ಣಿನ ನಡುಭಾಗ ಹೋಗಿದೆ. ಪೂರ್ತಿ ಕುರುಡಲ್ಲ. ಸುತ್ತಲಿನದೆಲ್ಲ ಕಾಣುತ್ತದೆ, ಯಾವುದರ ಮೇಲೆ ದೃಷ್ಟಿ ಇಡುತ್ತೇನೋ ಅದೊಂದು ಮಾತ್ರ ಕಾಣುವುದಿಲ್ಲ. ಆ ಕಣ್ಣೊಂದರಿಂದಲೇ ಗಡಿಯಾರದ ಕಡೆ ನೋಡಿದರೆ ಅಂಚಿನ ಅಂಕಿಗಳಿರುತ್ತವೆ, ಮುಳ್ಳಿನ ಜಾಗದಲ್ಲಿ ಬೂದಿ ಬಣ್ಣದ ಮಚ್ಚೆ ಇರುತ್ತದೆ. ಸಮಯಕ್ಕೆ ಆಸ್ಪತ್ರೆಗೆ ಹೋಗಿದ್ದರೆ ಈ ಕಣ್ಣು ಬಹುಮಟ್ಟಿಗೆ ಉಳಿಯುತ್ತಿತ್ತು. ಹೋಗದೆ ಇದ್ದದ್ದಕ್ಕೆ ಕಾರಣ ಒಂದು ಹಳೆಯ ಹಿತ್ತಾಳೆ ಲೆನ್ಸು ಮತ್ತು ಅದರ ಹಿಂದೆ ನಿಂತಿದ್ದ ನನ್ನ ಗಂಡ. ಲೆನ್ಸಿನ ಮೇಲೆ ನನಗೆ ಸಿಟ್ಟಿಲ್ಲ.

ನಾವು ರಾಯಚೂರಿನ ಕಡೆಯವರು. ಮದುವೆಯಾಗಿ ಹೈದರಾಬಾದಿಗೆ ಬಂದ ನಾನು ಇಲ್ಲಿನ ಕನ್ನಡ ಶಾಲೆಯೊಂದರಲ್ಲಿ ನಿವೃತ್ತಿಯವರೆಗೆ ಗಣಿತ ಕಲಿಸಿದೆ. ನಮ್ಮ ಮನೆಯವರದು ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ಹವಾಮಾನದ ನೌಕರಿ. ಆ ನೌಕರಿಯಲ್ಲಿ ಒಂದು ಕೆಲಸವಿತ್ತು, ಮದುವೆಯಾದ ಹೊಸತರಲ್ಲಿ ಅದನ್ನು ಕೇಳಿ ನಾನು ನಕ್ಕಿದ್ದೆ. ತಾಸಿಗೊಮ್ಮೆ ಮಾಳಿಗೆ ಹತ್ತಿ, ಈ ಹೊತ್ತಿನಲ್ಲಿ ಎಷ್ಟು ದೂರದವರೆಗೆ ಕಾಣುತ್ತದೆ ಎಂದು ನೋಡಿ ಬರೆದಿಡುವುದು. ಅದಕ್ಕೆ ಗುರುತುಗಳಿದ್ದವು. ಮೈದಾನದಾಚೆಯ ನೀರಿನ ಟಾಕಿ ಕಂಡರೆ ಇಷ್ಟು ದೂರ, ಟಾಕಿಯ ಹಿಂದಿನ ಬಂಡೆಗುಡ್ಡ ಕಂಡರೆ ಇಷ್ಟು. ಮಂಜು ಕವಿದ ದಿನ ಇವರು ಟಾಕಿ ಕಾಣುವುದಿಲ್ಲ ಎಂದರೆ ವಿಮಾನದವರು ಆಕಾಶದಲ್ಲೇ ಸುತ್ತುತ್ತ ಕಾಯಬೇಕು. ಸಂಬಳ ತೆಗೆದುಕೊಂಡು ದೂರ ನೋಡಿದ ಮನುಷ್ಯ ಅವರು. ಹೀಗಾಗಿ ಮನೆಯಲ್ಲಿ ಲೆಕ್ಕದ ವಿಷಯಕ್ಕೆ ನನ್ನ ಮಾತು ನಡೆಯುತ್ತಿತ್ತು, ನೋಡುವ ವಿಷಯಕ್ಕೆ ಅವರದೇ ಕೊನೆಯ ಮಾತು.

ವಿಮಾನಗಳೆಲ್ಲ ಊರ ಹೊರಗಿನ ಹೊಸ ನಿಲ್ದಾಣಕ್ಕೆ ಹೋದಾಗ ಅವರೂ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಬಂದು ಮಾಡಿದರು. ನಿವೃತ್ತರಾದ ಮೇಲೆ ಬೇಗಂಪೇಟೆಯ ನಮ್ಮ ಫ್ಲಾಟಿನಲ್ಲೇ ಉಳಿದೆವು. ಈ ಕಟ್ಟಡದ ಮಾಳಿಗೆಯಿಂದಲೂ ಹಳೇ ನಿಲ್ದಾಣದ ಖಾಲಿ ಮೈದಾನ, ಅದರಾಚೆಯ ಟಾಕಿ, ಗುಡ್ಡ ಎಲ್ಲ ಕಾಣುತ್ತದೆ. ಸುತ್ತ ಎತ್ತರದ ಕಟ್ಟಡಗಳು ಏಳುತ್ತಿವೆ, ಇನ್ನು ಸ್ವಲ್ಪ ವರ್ಷಕ್ಕೆ ಏನೂ ಕಾಣಲಿಕ್ಕಿಲ್ಲ. ಅಷ್ಟರೊಳಗೆ ತಮ್ಮ ನೌಕರಿಯ ಗುರುತುಗಳನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದಿಡಬೇಕೆಂದು ಅವರಿಗೆ ಹುಚ್ಚು ಹಿಡಿಯಿತು.

ಆ ಹುಚ್ಚಿಗೆ ಫೋನಿನ ಕ್ಯಾಮೆರಾ ಸಾಲದು. ಗುರುವಾರ ಸೇರುವ ಜುಮ್ಮೇರಾತ್ ಬಜಾರಿನಲ್ಲಿ ಹಳೇ ಸಾಮಾನು ಮಾರುತ್ತಾರೆ. ಅಲ್ಲಿಂದ ಒಂದು ಗುರುವಾರ ಮರದ ಕ್ಯಾಮೆರಾ ಬಂತು. ಹಾರ್ಮೋನಿಯಂಗೆ ಇರುವಂಥ ತಿದಿ, ಮುಂದೆ ಲೆನ್ಸು ಕೂಡಿಸುವ ಹಲಗೆ, ಹಿಂದೆ ಚಿತ್ರ ಬೀಳುವ ಮಬ್ಬು ಗಾಜು, ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡು. ಇನ್ನೊಂದು ಗುರುವಾರ ಹಿತ್ತಾಳೆಯ ಲೆನ್ಸು ಬಂತು, ನಮ್ಮ ಮನೆಯ ದೊಡ್ಡ ಲೋಟದಷ್ಟು ಗಾತ್ರದ್ದು. ಯಾವುದೋ ಕಾಲದ ಸ್ಟುಡಿಯೋದಲ್ಲಿ ಮದುಮಕ್ಕಳ ಮುಖ ತೆಗೆಯಲು ಇಟ್ಟುಕೊಂಡಿದ್ದರಂತೆ. ಎದುರಿಗೆ ಕೂತವರ ಮುಖಕ್ಕೆಂದು ಮಾಡಿದ ಆ ಲೆನ್ಸನ್ನು ಇವರು ಮೈದಾನದಾಚೆಗೆ ತಿರುಗಿಸಿದರು. ನಾನು ಆಗಲೇ ತಿಳಿದುಕೊಳ್ಳಬೇಕಿತ್ತು.

ಹಳೇ ಲೆನ್ಸಿನಲ್ಲಿ ದೂರದ್ದನ್ನು ಸ್ಪಷ್ಟ ಮಾಡುವುದು ಸುಲಭದ ಕೆಲಸವಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಹತ್ತಿರದ ವಸ್ತುವಿಗೆ ಪಕ್ಕದ ಚಕ್ರ ತಿರುಗಿಸಿ ತಿದಿ ಎಳೆದು ಲೆನ್ಸನ್ನು ಮುಂದೆ ಚಾಚಬೇಕು. ವಸ್ತು ದೂರ ಹೋದಷ್ಟೂ ಲೆನ್ಸನ್ನು ಒಳಗೆ ತರಬೇಕು. ಒಂದು ದೂರ ದಾಟಿದ ಮೇಲೆ ಟಾಕಿಯಿರಲಿ, ಗುಡ್ಡವಿರಲಿ, ಚಂದ್ರನಿರಲಿ, ಎಲ್ಲಕ್ಕೂ ಲೆನ್ಸು ನಿಲ್ಲುವ ಜಾಗ ಒಂದೇ. ಹೊಸ ಲೆನ್ಸುಗಳಲ್ಲಿ ಆ ಜಾಗಕ್ಕೆ ಗುರುತು ಕೊರೆದಿರುತ್ತಾರಂತೆ, ಇದರಲ್ಲಿ ಏನೂ ಇರಲಿಲ್ಲ. ನಾವೇ ಹುಡುಕಿ ಹಲಗೆಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿಕೊಳ್ಳಬೇಕು. ಕೂದಲೆಳೆಯಷ್ಟು ಆಚೆ ಈಚೆಯಾದರೆ ಗುಡ್ಡ ಹತ್ತಿಯಂತೆ ಬರುತ್ತದೆ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಏನೋ ದೊಡ್ಡ ಹೆಸರಿದೆ, ನಮ್ಮ ಮನೆಯವರು ಅದನ್ನು ಮುಗಿಲು ಎಂದು ಕರೆದರು. ಆ ಒಂದು ಹೆಸರು ಮಾತ್ರ ನನಗೆ ಇಷ್ಟವಾಯಿತು.

ಮುಗಿಲು ಹುಡುಕುವುದು ಅವರಿಂದ ಆಗಲಿಲ್ಲ. ಎರಡೂ ಕಣ್ಣಿಗೆ ಮೋತಿಬಿಂದು ಬಂದು ವರ್ಷಗಳಾಗಿದ್ದವು. ಪೊರೆ ತೆಗೆಸಿಕೊಳ್ಳಿ ಎಂದರೆ ಮಾತು ಬದಲಿಸುತ್ತಿದ್ದರು. ಜೀವಮಾನವೆಲ್ಲ ನೋಡುವುದೇ ಕೆಲಸವಾಗಿದ್ದವರಿಗೆ ತಮ್ಮ ಕಣ್ಣು ಮಬ್ಬಾಗಿದೆ ಎಂದು ಒಪ್ಪಿಕೊಳ್ಳುವುದು ಅವಮಾನ ಅನ್ನಿಸಿರಬೇಕು. ಅದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಕತ್ತರಿ ಹಾಕುತ್ತಾರೆಂಬ ಹೆದರಿಕೆ. ಹೊರಗಿನ ಬೆಳಕು ತಾಗದಂತೆ ಕರಿಬಟ್ಟೆ ಹೊದ್ದು ನೋಡಿದರೂ ಮಬ್ಬು ಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಆ ಸಣ್ಣ ಚಿತ್ರದಲ್ಲಿ ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಇನ್ನೇನೂ ತಿಳಿಯುತ್ತಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. "ನನ್ನ ಕೈಯಾಗ ಈ ಚಕ್ರ ಐತಿ, ಎರಡೆರಡು ಕೆಲಸ ಹ್ಯಾಂಗ ಮಾಡಲಿ? ನೀ ಒಳಗ ನೋಡಿ ಹೇಳು" ಎಂದರು.

ಹೀಗೆ ನಾನು ಕರಿಬಟ್ಟೆಯೊಳಗೆ ಹೋದೆ.

ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಅದು ಭಾರೀ ಸೇರಿತು. ಬೆಳಿಗ್ಗೆ ಮೆಟ್ರೋ ಸದ್ದು ಜೋರಾಗುವ ಮೊದಲು, ಬಿಸಿಲಿಗೆ ಗಾಳಿ ಕದಡುವ ಮೊದಲು ಮಾಳಿಗೆಗೆ ಹೋಗುತ್ತಿದ್ದೆವು. ಬಟ್ಟೆಯೊಳಗೆ ಕತ್ತಲು, ಕರ್ಪೂರದ ವಾಸನೆ, ಯಾಕೆಂದರೆ ಅದು ನನ್ನ ಟ್ರಂಕಿನಲ್ಲಿದ್ದ ಹಳೇ ಶಾಲು. ಕಣ್ಣು ಹೊಂದಿಕೊಂಡ ಮೇಲೆ ಗಾಜಿನ ಮೇಲೆ ಮೈದಾನ ಮೂಡುತ್ತಿತ್ತು. ಆಕಾಶ ಕೆಳಗೆ, ನೆಲ ಮೇಲೆ, ಟಾಕಿ ಮೇಲಿನಿಂದ ಇಳಿಬಿದ್ದಿರುತ್ತಿತ್ತು. ಟಾಕಿಗೆ ಒಂದು ಕಬ್ಬಿಣದ ಏಣಿಯಿದೆ. ಅದರ ಮೆಟ್ಟಿಲುಗಳು ಒಂದೊಂದೂ ಬೇರೆ ಬೇರೆಯಾಗಿ ಕಂಡರೆ ಮುಗಿಲು ಸಿಕ್ಕಿತು ಎಂದು ಲೆಕ್ಕ. ನಾನು ಗಾಜಿಗೆ ಭೂತಗನ್ನಡಿ ಇಟ್ಟು ನೋಡುತ್ತ "ಹಿಂದ, ಇನ್ನಷ್ಟ ಹಿಂದ, ಸಾಕು, ತುಸು ಮುಂದ" ಎನ್ನುತ್ತಿದ್ದೆ, ಅವರು ಚಕ್ರ ತಿರುಗಿಸುತ್ತಿದ್ದರು. ಮದುವೆಯಾದ ಲಾಗಾಯ್ತು ನಾನು ಹೇಳಿದಂತೆ ಅವರು ಮಾಡಿದ್ದು ಆಗಲೇ. ಚಿತ್ರ ಇನ್ನೂ ಸ್ಪಷ್ಟವಾಗಲೆಂದು ಲೆನ್ಸಿನ ಸೀಳಿನಲ್ಲಿ ಸಣ್ಣ ತೂತಿನ ತಗಡು ತೂರಿಸಿದ ಕೂಡಲೇ ಮುಗಿಲು ಒಂಚೂರು ಜರುಗುತ್ತಿತ್ತು, ಮತ್ತೆ ನೋಡಬೇಕಾಗುತ್ತಿತ್ತು. ಎಷ್ಟು ಸಲ ನೋಡಲೂ ನನಗೆ ಬೇಸರವಿರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನನಗೆ ಒಂಟಿಯಾಗಿ ಮುಚ್ಚಲು ಬರುವುದು ಬಲಗಣ್ಣು ಮಾತ್ರ. ಎಡಗಣ್ಣು ಮುಚ್ಚಲು ಹೋದರೆ ಎರಡೂ ಮುಚ್ಚಿಕೊಳ್ಳುತ್ತವೆ. ಚಿಕ್ಕಂದಿನಲ್ಲಿ ಇದಕ್ಕೇ ನನ್ನನ್ನು ಎಲ್ಲರೂ ಕಾಡಿಸುತ್ತಿದ್ದರು. ಹೀಗಾಗಿ ಭೂತಗನ್ನಡಿಗೆ ಯಾವಾಗಲೂ ಎಡಗಣ್ಣನ್ನೇ ಹಚ್ಚುತ್ತಿದ್ದೆ. ಬಾಕಿ ದಿನವೆಲ್ಲ ಎರಡೂ ಕಣ್ಣು ತೆರೆದಿರುತ್ತಿದ್ದವು, ಬಲಗಣ್ಣು ಎಡಗಣ್ಣಿನ ಕೊರತೆಯನ್ನು ಮುಚ್ಚಿಕೊಂಡು ಹೋಗುತ್ತಿತ್ತು. ಎಡಗಣ್ಣು ತನ್ನ ಪಾಡಿಗೆ ತಾನು ಒಬ್ಬಂಟಿಯಾಗಿ ನೋಡುತ್ತಿದ್ದ ಜಾಗ ಆ ಕರಿಬಟ್ಟೆಯ ಒಳಗೆ ಒಂದೇ.

ದಸರೆಯಲ್ಲಿ ಬನ್ನಿ ಕೊಟ್ಟು ಬಂದ ಮರುದಿನ ಏಣಿ ಸೊಟ್ಟಗಾಯಿತು.

"ಮುಗಿಲು ಸಿಕ್ಕತೇನು?" ಎಂದರು ಹೊರಗಿನಿಂದ.

"ಸಿಕ್ಕತ್ರಿ. ಆದ್ರ ಏಣಿ ಸೊಟ್ಟ ಐತಿ."

"ಕಬ್ಬಿಣದ ಏಣಿ ಯಾಕ ಸೊಟ್ಟ ಆಕ್ಕೈತಿ? ಹೊಳ್ಳಿ ನೋಡು."

"ಹೊಳ್ಳಿ ನೋಡಿದ್ರೂ ಹಂಗs ಐತ್ರಿ. ನಡುವ ಯಾರೋ ಜಗ್ಗಿದಂಗ ಆಗೈತಿ."

ಸೀರೆಯಲ್ಲಿ ಒಂದು ಎಳೆ ಎಲ್ಲೋ ಸಿಕ್ಕಿ ಎಳೆದುಕೊಂಡರೆ ಸುತ್ತಲಿನ ನೇಯ್ಗೆಯೆಲ್ಲ ಹೇಗೆ ಆ ಕಡೆ ಸೊಟ್ಟಗಾಗುತ್ತದೆಯೋ ಹಾಗಿತ್ತು. ಬಟ್ಟೆಯಿಂದ ಹೊರಗೆ ಬಂದು ಹಾಗೆಂದೇ ಹೇಳಿದೆ. ಅವರ ಮುಖ ಅರಳಿತು. ಹಳೇ ಲೆನ್ಸಿನಲ್ಲಿ ದೋಷ ಸಿಕ್ಕರೆ ಹಳೇ ಲೆನ್ಸಿನವರಿಗೆ ಹಬ್ಬವೇ. ಫೋನಿನಲ್ಲಿ ಏನೇನೋ ಓದಿದ್ದರು, ಪ್ರಶ್ನೆ ಕೇಳತೊಡಗಿದರು. ಒಳಗೆ ಬಾಗಿದೆಯೋ ಹೊರಗೆ ಬಾಗಿದೆಯೋ, ಅಂಚಿನಲ್ಲೋ ನಡುವೆಯೋ.

"ನಡುವ" ಎಂದೆ.

"ನಡುವ ಬಾಗೂದಿಲ್ಲ. ಲೆನ್ಸಿನ ದೋಷ ಇದ್ರ ಅಂಚಿನ್ಯಾಗ ಇರತೈತಿ. ಬರೋಬ್ಬರಿ ನೋಡು."

ಬರೋಬ್ಬರಿ ನೋಡಿದೆ. ನಡುವೆಯೇ ಇತ್ತು. ಹಾಗೆ ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಕಂಡದ್ದು ಅವರು ಓದಿದ್ದರಲ್ಲಿ ಇರಲಿಲ್ಲ, ಆದ್ದರಿಂದ ಅಂಚಿನಲ್ಲಿ ಎಂದೇ ತೀರ್ಮಾನವಾಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕರಿಹಲಗೆಯ ಮೇಲೆ ಸರಳರೇಖೆ ಎಳೆದವಳು ನಾನು. ಯಾವುದು ನೇರ, ಯಾವುದು ಸೊಟ್ಟ ಎಂದು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾದ ಗತಿ ನನಗಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಲೆನ್ಸಿನ ಗಾಜುಗಳೆಲ್ಲ ನಮ್ಮ ಹಾಲಿನಲ್ಲಿ ಪೇಪರಿನ ಮೇಲೆ ಹರಡಿಕೊಂಡಿದ್ದವು. ಹಿಂದಿನ ಮಾಲೀಕ ಒಂದು ಗಾಜನ್ನು ತಿರುವುಮುರುವು ಕೂಡಿಸಿರಬೇಕು, ಅದಕ್ಕೇ ಏಣಿ ಬಾಗುತ್ತಿದೆ ಎಂದು ಅವರ ಗುಮಾನಿ. ಫರಾಳಕ್ಕೆ ಬಂದವರು ಸೋಫಾದ ತುದಿಯಲ್ಲಿ ಮುದುಡಿ ಕೂತು ಚಕ್ಕಲಿ ತಿಂದರು. ಗಾಜು ತಿರುಗಿಸಿ ಕೂಡಿಸಿದಾಗ ಟಾಕಿಯೇ ಕರಗಿಹೋಗುವಂತೆ ಕಂಡಿತು. ಮತ್ತೆ ಬಿಚ್ಚಿ ಮೊದಲಿನಂತೆ ಕೂಡಿಸಿದರು. ಏಣಿ ಮೊದಲಿಗಿಂತ ಹೆಚ್ಚು ಸೊಟ್ಟಗಿತ್ತು.

ಆಗ ನಾನು ಹೇಳಿದೆ. ಹೇಳಲಿಲ್ಲ ಎಂದು ಯಾರೂ ಅನ್ನಬಾರದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಒಲೆಯ ಮುಂದೆ ನಿಂತು ಹೇಳಿದೆ, "ನನ್ನ ಕಣ್ಣಿಗೇ ಏನರ ಆಗೈತೇನೋ. ಒಮ್ಮಿ ದವಾಖಾನಿಗಿ ಹೋಗಿ ತೋರಿಸಿಕೊಂಡು ಬರೂಣೇನ್ರಿ? ನಿಮ್ಮವೂ ತೋರಿಸಿದಂಗ ಆಕ್ಕೈತಿ."

ಕೊನೆಯ ಮಾತು ಸೇರಿಸಬಾರದಿತ್ತು. ಅವರ ಮುಖ ಗಂಟಾಯಿತು.

"ಸೂಜ್ಯಾಗ ದಾರ ಪೋಣಸಾಕಿ ನೀ, ನಿನ್ನ ಕಣ್ಣಿಗೇನಾಗೈತಿ? ಈಗ ಥಂಡಿ ದಿನ, ಗಾಳಿ ತಿಳಿ ಐತಿ. ಬಿಸಲ ಝಳ ಸುರು ಆದ್ರ ಮುಗೀತು, ಮುಂದ ಒಂದ ವರ್ಷ ಏನೂ ತೆಗಿಯಾಕ ಆಗೂದಿಲ್ಲ. ಸಂಕ್ರಾಂತಿ ಆಗಲಿ, ಇಬ್ರೂ ಕೂಡೇ ಹೋಗೂಣು."

ಸೂಜಿಯಲ್ಲಿ ದಾರ ಪೋಣಿಸುತ್ತಿದ್ದದ್ದು ಹೌದು. ಎರಡೂ ಕಣ್ಣು ತೆರೆದುಕೊಂಡು ಪೋಣಿಸುತ್ತಿದ್ದೆ. ನೀವೊಬ್ಬರೇ ಯಾಕೆ ಹೋಗಲಿಲ್ಲ ಎಂದು ಈಗ ಜನ ಕೇಳುತ್ತಾರೆ. ಎರಡು ಬಸ್ಸು ಬದಲಿಸಿ ಶಾಲೆಗೆ ಹೋಗಿ ಬಂದವಳಿಗೆ ಆಸ್ಪತ್ರೆಯ ದಾರಿ ಗೊತ್ತಿರಲಿಲ್ಲವೆಂದಲ್ಲ. ಕಣ್ಣು ನೋಯುತ್ತಿರಲಿಲ್ಲ, ಕೆಂಪಾಗಿರಲಿಲ್ಲ, ನೀರು ಬರುತ್ತಿರಲಿಲ್ಲ. ಹಗಲೆಲ್ಲ ಲೋಕ ನೇರವಾಗಿಯೇ ಇತ್ತು. ಮತ್ತೆ, ದೂರದ್ದರ ವಿಷಯದಲ್ಲಿ ಸರಕಾರವೇ ನಂಬಿದ್ದ ಮನುಷ್ಯ ಎದುರಿಗೆ ನಿಂತು ನಿನ್ನ ಕಣ್ಣಿಗೇನೂ ಆಗಿಲ್ಲ ಎನ್ನುತ್ತಿದ್ದರು. ನಾನು ನಂಬಿದೆ.

ಅವರು ಲೆನ್ಸನ್ನು ಕೋಠಿ ಪೇಟೆಗೆ ಒಯ್ದು ಕ್ಯಾಮೆರಾ ರಿಪೇರಿಯವನಿಗೆ ಕೊಟ್ಟರು. ಅವನು ವಾರಗಟ್ಟಲೆ ಇಟ್ಟುಕೊಂಡು, ಒರೆಸಿ, ನೋಡಿ, ಲೆನ್ಸಿನಲ್ಲಿ ಏನೂ ಇಲ್ಲ ಎಂದು ವಾಪಸು ಕೊಟ್ಟ. ಮರುದಿನ ಮತ್ತೆ ಮಾಳಿಗೆ. ಅಂದು ನಾನು ಹೊಸದೊಂದು ಕಂಡೆ. ಮಬ್ಬು ಗಾಜಿನ ಮೇಲೆ ಅವರೇ ಪೆನ್ಸಿಲಿನಿಂದ, ನನ್ನದೇ ಅಡಿಕೋಲು ಇಟ್ಟು ಅಡ್ಡ ಉದ್ದ ಗೆರೆ ಎಳೆದಿದ್ದರು, ಕ್ಯಾಮೆರಾ ವಾರೆಯಾಗದಿರಲಿ ಎಂದು. ಆ ಗೆರೆಗಳೂ ನಡುವೆ ಬಾಗಿದ್ದವು. ಏಣಿಯಂತೂ ಲೆನ್ಸಿನೊಳಗಿಂದ ಬಂದದ್ದು. ಗೆರೆಗಳು ಗಾಜಿನ ಮೇಲಿನವು, ಅವಕ್ಕೂ ಲೆನ್ಸಿಗೂ ಏನು ಸಂಬಂಧ?

ಬಟ್ಟೆಯಿಂದ ತಲೆ ಹೊರಗೆ ಹಾಕಿ ಅದನ್ನೇ ಕೇಳಿದೆ. ಅವರು ಚಕ್ರ ಬಿಟ್ಟು ತುಸು ಹೊತ್ತು ಗಾಜಿನ ಕಡೆ ನೋಡಿದರು. ಆ ತುಸು ಹೊತ್ತಿನಲ್ಲಿ ಅವರಿಗೆ ಗೊತ್ತಾಗಿತ್ತೆಂದೇ ನನಗೆ ಇಂದಿಗೂ ಅನ್ನಿಸುತ್ತದೆ. ಆಮೇಲೆ ಅವರ ಮುಖ ತಿಳಿಯಾಯಿತು.

"ಹಂಗಾದ್ರ ಭೂತಗನ್ನಡಿನs ಕೆಟ್ಟೈತಿ" ಎಂದರು.

ನಾನು ಬಟ್ಟೆ ಪೂರ್ತಿ ಸರಿಸಿ ಗಾಜಿನ ಮೇಲೆ ಅಡಿಕೋಲು ಇಟ್ಟು ನೋಡಿದೆ. ಗೆರೆ ನೇರವಾಗಿತ್ತು. ಭೂತಗನ್ನಡಿಯಿಲ್ಲದೆ ಎರಡೂ ಕಣ್ಣಿನಿಂದ ನೋಡಿದ್ದೆ, ಆ ವ್ಯತ್ಯಾಸ ಹೊಳೆಯಲಿಲ್ಲ. ಭೂತಗನ್ನಡಿ ತೆಗೆದರೆ ನೇರ, ಇಟ್ಟರೆ ಸೊಟ್ಟ. ಲೆಕ್ಕ ಸರಿಹೋಯಿತು. ಗಣಿತ ಕಲಿಸಿದವಳ ಲೆಕ್ಕ. ಅವರು ಗಡಿಯಾರ ರಿಪೇರಿ ಮಾಡುವವರು ಬಳಸುವಂಥ ಹೊಸ ಭೂತಗನ್ನಡಿ ಹುಡುಕಿ ತಂದರು, ಅದಕ್ಕೂ ದಿನಗಳು ಹೋದವು. ಅಷ್ಟರಲ್ಲಿ ಸಂಕ್ರಾಂತಿ ಹತ್ತಿರ ಬಂದಿತ್ತು.

ಹೊಸ ಭೂತಗನ್ನಡಿಯಲ್ಲಿ ಏಣಿಯ ನಡುಭಾಗ ಸೊಟ್ಟಗಿರಲಿಲ್ಲ. ಇರಲೇ ಇಲ್ಲ. ಮೇಲಿನ ಎರಡು ಮೆಟ್ಟಿಲು, ಕೆಳಗಿನ ಎರಡು ಮೆಟ್ಟಿಲು, ನಡುವೆ ಯಾರೋ ಒದ್ದೆ ಬೆರಳಿನಿಂದ ಒರೆಸಿದಂತೆ. "ಏಣಿ ಕಾಣವಲ್ದು" ಎಂದೆ.

ಅವರು ಬಟ್ಟೆಯನ್ನು ಮೆಲ್ಲಗೆ ನನ್ನ ತಲೆಯ ಮೇಲಿಂದ ತೆಗೆದರು. ಮೈದಾನದ ಮೇಲಿನ ಮಂಜು ಆಗಷ್ಟೇ ಕರಗಿತ್ತು, ಟಾಕಿ ಬರಿಗಣ್ಣಿಗೇ ಚೊಕ್ಕವಾಗಿ ಕಾಣುತ್ತಿತ್ತು. ಅವರು ಟಾಕಿಯ ಕಡೆ ನೋಡಿ, ನನ್ನ ಕಡೆ ನೋಡಿ, ಬಹಳ ಸಮಾಧಾನದಿಂದ ಹೇಳಿದರು.

"ಸಾಕು ಬಿಡು. ನಿನಗ ನೋಡಾಕ ಬರೂದಿಲ್ಲ."

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಷ್ಟು ಬಾಯಿ ನನಗಿದೆ. ಅವರು ಬೈಯಲಿಲ್ಲ. ದಡ್ಡ ಮಕ್ಕಳನ್ನು ನಾನು ಹಿಂದಿನ ಬೆಂಚಿಗೆ ಕಳಿಸುತ್ತಿದ್ದ ದನಿಯಲ್ಲಿ ಹೇಳಿದರು. ನಾನು ಕೆಳಗಿಳಿದು ಬಂದು ಎಳ್ಳು ಹುರಿದೆ. ಹುರಿಯುತ್ತ ಅತ್ತೆ. ಆಮೇಲೆ ಮಾಳಿಗೆಗೆ ಹೋಗಲಿಲ್ಲ. ಅವರೂ ಕರೆಯಲಿಲ್ಲ. ಎಡಗಣ್ಣಿನಿಂದ ಒಬ್ಬಂಟಿಯಾಗಿ ನೋಡುತ್ತಿದ್ದ ಒಂದೇ ಒಂದು ಜಾಗವೂ ಹೀಗೆ ಹೋಯಿತು, ಆ ಕಣ್ಣಿನೊಳಗೆ ಏನಾಗುತ್ತಿದೆ ಎಂದು ಕೇಳುವವರೇ ಇಲ್ಲವಾದರು. ಸಂಕ್ರಾಂತಿ ಆಗಲಿ ಎಂದವರು ಸಂಕ್ರಾಂತಿಯಾದ ಮೇಲೆ ಆಸ್ಪತ್ರೆಯ ಮಾತೆತ್ತಲಿಲ್ಲ. ಸಿಟ್ಟಿನಲ್ಲಿ ನಾನೂ ಎತ್ತಲಿಲ್ಲ.

ಶಿವರಾತ್ರಿಯ ಹೊತ್ತಿಗೆ ನನ್ನ ಬಲಗಣ್ಣಿನ ರೆಪ್ಪೆಗೆ ಕುರುವೆದ್ದಿತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಆ ಕಣ್ಣಿಗೆ ಒತ್ತಿಕೊಂಡು ಅಡುಗೆಮನೆಯ ಕಿಟಕಿಯ ಮುಂದೆ ಕೂತಿದ್ದೆ. ಎದುರಿಗೆ ಕಿಟಕಿಯ ಸರಳುಗಳು. ನಡುವಿನ ಎರಡು ಸರಳು ಇರಲಿಲ್ಲ, ಅವುಗಳ ಪಕ್ಕದವು ಬಾಗಿದ್ದವು. ಕೈ ಚಾಚಿದೆ. ಸರಳು ಕೈಗೆ ಸಿಕ್ಕಿತು, ತಣ್ಣಗಿತ್ತು, ನೇರವಾಗಿತ್ತು.

ಕಿಟಕಿಗೆ ಲೆನ್ಸು ಇರಲಿಲ್ಲ. ನನ್ನ ಕಣ್ಣಿಗೆ ಭೂತಗನ್ನಡಿಯೂ ಇರಲಿಲ್ಲ. ಗ್ಯಾಸಿನ ಮೇಲೆ ಹಾಲು ಉಕ್ಕಿ ಹರಿಯುವವರೆಗೂ ಆ ಸರಳನ್ನು ಹಿಡಿದುಕೊಂಡೇ ಇದ್ದೆ.

ಮರುದಿನ ಬೆಳಿಗ್ಗೆಯೇ ಕಣ್ಣಿನ ಆಸ್ಪತ್ರೆಗೆ ಹೋದೆ. ಅವರೂ ಬಂದರು, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಡಾಕ್ಟರು ತೆಲುಗಿನ ಹೆಣ್ಣುಮಗಳು, ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸಿನವಳು. ಬಲಗಣ್ಣು ಮುಚ್ಚಿಸಿ ಕೈಗೊಂದು ಕಾರ್ಡು ಕೊಟ್ಟಳು. ಬಿಳಿ ಕಾರ್ಡಿನ ಮೇಲೆ ಅಡ್ಡ ಉದ್ದ ಗೆರೆಗಳ ಚೌಕುಳಿ, ನಡುವೆ ಒಂದು ಚುಕ್ಕೆ. ಗೆರೆಗಳು ನೇರವಾಗಿ ಕಾಣುತ್ತವೆಯೇ ಎಂದು ಕೇಳಿದಳು. ನಮ್ಮ ಮಬ್ಬು ಗಾಜೇ ಅದು, ಬೇರೆಯೇನಲ್ಲ. ಕಣ್ಣಿನ ಈ ಕಾಯಿಲೆ ಹಿಡಿಯಲು ಆಸ್ಪತ್ರೆಯವರು ಇಟ್ಟುಕೊಂಡ ಸಾಧನ ಇಷ್ಟು ತಿಂಗಳು ನಮ್ಮ ಮಾಳಿಗೆಯಲ್ಲೇ ಇತ್ತು. ನಾನು ದಿನಾ ಬೆಳಿಗ್ಗೆ ಅದನ್ನು ನೋಡಿದ್ದೆ, ಕಂಡದ್ದನ್ನು ಕಂಡಂತೆ ಹೇಳಿದ್ದೆ.

"ಎಪ್ಪಟಿ ನುಂಚಿ ಅಮ್ಮಾ?" ಎಂದಳು ಡಾಕ್ಟರು, ಯಾವಾಗಿನಿಂದ ಎಂದು.

ನಾನು ಬಾಯಿ ತೆರೆಯುವ ಮೊದಲೇ ಅವರು ಒಂದು ವಾರದಿಂದ ಎಂದುಬಿಟ್ಟರು.

"ದಸರಾ ನುಂಚಿ" ಎಂದೆ ನಾನು.

ಡಾಕ್ಟರ ಪೆನ್ನು ನಿಂತಿತು. ಅವರ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ದಸರಾ ಎಂದೇ ಬರೆದುಕೊಂಡಳು. ಯಂತ್ರದ ಮುಂದೆ ಗದ್ದ ಇರಿಸಿ ಕಣ್ಣಿನ ಒಳಗಿನ ಫೋಟೋ ತೆಗೆದರು. ಕಂಪ್ಯೂಟರಿನಲ್ಲಿ ತೋರಿಸಿ ವಿವರಿಸಿದಳು. ಕಣ್ಣಿನ ಹಿಂದಿನ ಪರದೆಯ ಕೆಳಗೆ ನೀರು, ರಕ್ತ ಸೋರಿ ಪರದೆ ಉಬ್ಬಿತ್ತು, ಅದಕ್ಕೇ ಗೆರೆಗಳು ಬಾಗಿ ಕಂಡವು. ಮೊದಲಲ್ಲೇ ಬಂದಿದ್ದರೆ ಇಂಜೆಕ್ಷನ್ನಿನಿಂದ ಸೋರುವುದನ್ನು ನಿಲ್ಲಿಸಬಹುದಿತ್ತು. ಈಗ ನಡುವೆ ಕಲೆ ಕಟ್ಟಿದೆ. ಇನ್ನಷ್ಟು ಹರಡದಂತೆ ತಡೆಯಬಹುದು, ಹೋದದ್ದನ್ನು ತರಲಾಗದು. ಅವಳು ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು. ನಮ್ಮ ಮನೆಯವರು ಕುರ್ಚಿಯ ತುದಿಗೆ ಬಂದು ಕೂತು ತೆರೆಯ ಮೇಲಿನ ಆ ಕಿತ್ತಳೆ ಬಣ್ಣದ ಚಿತ್ರವನ್ನು ನೋಡುತ್ತಿದ್ದರು.

"ಎಷ್ಟ ಶಾರ್ಪ್ ಬಂದೈತಿ" ಎಂದರು ನನಗೆ. ಆಮೇಲೆ ಹಿಂದಿಯಲ್ಲಿ ಡಾಕ್ಟರನ್ನು ಕೇಳಿದರು, ಈ ಯಂತ್ರಕ್ಕೆ ಯಾವ ಲೆನ್ಸು ಹಾಕಿರುತ್ತಾರೆ ಎಂದು.

ಹೆದರಿಕೆಯಿಂದ ಏನೇನೋ ಮಾತಾಡುತ್ತಾರೆ, ಗಂಡಸರು ಹಾಗೆಯೇ ಎಂದು ನೆರೆಮನೆಯಾಕೆ ನನಗೆ ಸಮಾಧಾನ ಹೇಳಿದಳು. ಇರಬಹುದು. ಆ ಹೊತ್ತಿನಲ್ಲಿ ನನಗೆ ಮೈಯೆಲ್ಲ ಉರಿಯಿತು, ಈಗಲೂ ನೆನೆದರೆ ಉರಿಯುತ್ತದೆ.

ಇಂಜೆಕ್ಷನ್ ಶುರುವಾಯಿತು. ಕಣ್ಣೊಳಗೇ ಸೂಜಿ ಚುಚ್ಚುತ್ತಾರೆ. ಮರಗಟ್ಟಿಸಿದ್ದರಿಂದ ನೋವಿಲ್ಲ, ಆದರೆ ಸೂಜಿ ಬರುವುದು ಕಾಣುತ್ತದೆ. ಅವರು ತಪ್ಪದೆ ಜೊತೆಗೆ ಬಂದರು, ಹೊರಗೆ ಕೂತು ಕಾದರು, ಆಟೋ ಕರೆದು ಕೈ ಹಿಡಿದು ಹತ್ತಿಸಿದರು. ಅದನ್ನು ಇಲ್ಲ ಎನ್ನುವುದಿಲ್ಲ. ಹಾಗೆ ಕಾಯುತ್ತ ಕೂತವರಿಗೆ ಅಲ್ಲಿ ಯಾರೋ ಪೊರೆ ತೆಗೆಯುವುದು ಈಗ ಎಷ್ಟು ಸಲೀಸೆಂದು ಹೇಳಿದ್ದಾರೆ. ನಾನು ವರ್ಷಗಟ್ಟಲೆ ಹೇಳಿದಾಗ ಇಳಿಯದ್ದು ಆ ಅಪರಿಚಿತರು ಹೇಳಿದಾಗ ಇಳಿಯಿತು. ಅದೇ ಆಸ್ಪತ್ರೆಯಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡರು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ಗೋಡೆಯ ಬಣ್ಣ, ನನ್ನ ಸೀರೆಯ ಬಣ್ಣ ಎಲ್ಲ ಹೊಸದಾಗಿ ಕಾಣುತ್ತದೆ ಎಂದು ಮಕ್ಕಳಂತೆ ಹೇಳಿಕೊಂಡು ಓಡಾಡಿದರು.

ಮುಂದಿನ ಚಳಿಗಾಲದಲ್ಲಿ ಒಬ್ಬರೇ ಮಾಳಿಗೆಗೆ ಹೋದರು. ಒಬ್ಬರೇ ಬಟ್ಟೆ ಹೊದ್ದುಕೊಂಡು, ಒಬ್ಬರೇ ಚಕ್ರ ತಿರುಗಿಸಿ ಮುಗಿಲು ಹುಡುಕಿದರು. ಒಂದು ಕೈ ಒಳಗೆ, ಒಂದು ಕೈ ಹೊರಗೆ. ಎರಡು ಕೆಲಸ ಒಬ್ಬರಿಂದಲೇ ಆಗುತ್ತದೆಂದು ಆಗ ಗೊತ್ತಾಯಿತು. ಕೆಳಗೆ ಬಂದು "ಏಣಿ ನೆಟ್ಟಗs ಐತಿ" ಎಂದರು. ಎಕ್ಸ್‌ರೇ ಫಿಲ್ಮು ಕತ್ತರಿಸಿ ಹಾಕಿ ಫೋಟೋ ತೆಗೆದರು, ಬಚ್ಚಲುಮನೆಯಲ್ಲಿ ಕೆಂಪು ಬಲ್ಬು ಹಚ್ಚಿ ತೊಳೆದರು. ಚಿತ್ರ ಚೆನ್ನಾಗಿದೆ. ಅದನ್ನು ಕೆಟ್ಟದ್ದೆನ್ನಲು ನನ್ನ ಕೈಲಾಗುವುದಿಲ್ಲ. ಟಾಕಿಯ ಮೆಟ್ಟಿಲು ಒಂದೊಂದೂ ಕಾಣುತ್ತವೆ, ಹಿಂದಿನ ಗುಡ್ಡದ ಬಂಡೆಗಳ ಬಿರುಕುಗಳು ಕೂಡ ಕಾಣುತ್ತವೆ. ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾರೆ.

ಮೊನ್ನೆ ಅವರ ಹಳೇ ಸಹೋದ್ಯೋಗಿಗಳು ಇಬ್ಬರು ಬಂದಿದ್ದರು. ಒಬ್ಬರು ನಮ್ಮ ಕಲಬುರಗಿ ಕಡೆಯವರೇ, ಹಾಗಾಗಿ ಮಾತೆಲ್ಲ ಕನ್ನಡದಲ್ಲಿ ನಡೆಯಿತು. ಫೋಟೋ ನೋಡಿ ಹೊಗಳಿದರು. ಆಗ ಇವರು ಆ ಕಥೆ ತೆಗೆದರು. ಯಾರು ಬಂದರೂ ಹೇಳುವ ಕಥೆ ಅದು, ಈಗ ನಯವಾಗಿ ಪಳಗಿದೆ. ಹೇಗೆ ನನಗೆ ಏಣಿ ಸೊಟ್ಟ ಕಂಡಿತು, ಹೇಗೆ ಗಾಜಿನ ಗೆರೆಗಳು ಬಾಗಿ ಕಂಡವು, ಹೇಗೆ ಆಸ್ಪತ್ರೆಯ ಕಾರ್ಡೂ ನಮ್ಮ ಗಾಜೂ ಒಂದೇ ಥರ ಇದ್ದವು. ಲೆನ್ಸು ಬಿಚ್ಚಿದ್ದು ಆ ಕಥೆಯಲ್ಲಿಲ್ಲ. ಕೋಠಿ ಇಲ್ಲ, ದೀಪಾವಳಿ ಇಲ್ಲ, ಸಂಕ್ರಾಂತಿ ಇಲ್ಲ.

"ಈ ಕ್ಯಾಮೆರಾ ಇರಲಿಲ್ಲಂದ್ರ ಗೊತ್ತs ಆಗತಿದ್ದಿಲ್ಲ ನೋಡ್ರಿ" ಎಂದು ಮುಗಿಸಿದರು. "ನನ್ನ ಹುಚ್ಚಿನಿಂದ ಈಕಿ ಕಣ್ಣು ಉಳೀತು."

ಬಂದವರು ತಲೆದೂಗಿದರು. ಕಲಬುರಗಿಯವರು ನನ್ನ ಕಡೆ ತಿರುಗಿ, "ಭಾಳ ಪುಣ್ಯಾ ಮಾಡೀರಿ ಅಕ್ಕಾರ" ಎಂದರು.

ನಾನು ಚಹಾದ ಕಪ್ಪುಗಳನ್ನು ಟ್ರೇಯಲ್ಲಿ ಇಡುತ್ತಿದ್ದೆ. ಇಟ್ಟು ನಿಂತು ಹೇಳಿದೆ, "ಕಣ್ಣು ಉಳಿದಿಲ್ರಿ. ಹೋಗೈತಿ. ದಸರಾದಾಗ ನಾ ಹೇಳಿದ್ದೆ, ಇವರು ಲೆನ್ಸು ಬಿಚ್ಚಿದ್ರು. ಅದನ್ನೂ ಹೇಳ್ರಿ ಅವರಿಗೆ."

ಬಂದವರು ಚಹಾದ ಕಡೆ ನೋಡಿದರು. ನಮ್ಮ ಮನೆಯವರು ಫೋಟೋದ ಕಡೆ ನೋಡುತ್ತ, ಜಗಳದ ದನಿಯಲ್ಲೇನೂ ಅಲ್ಲ, ಹೇಳಿದರು.

"ನೀ ಬರೋಬ್ಬರಿ ಹೇಳಿದ್ರ ನಾ ಕೇಳತಿದ್ದೆ."

ಸೊಟ್ಟ ಎಂದಿದ್ದೆ. ಬಾಗಿದೆ ಎಂದಿದ್ದೆ. ನಡುವೆ ಜಗ್ಗಿದೆ ಎಂದಿದ್ದೆ, ಕಾಣುವುದಿಲ್ಲ ಎಂದಿದ್ದೆ, ನನ್ನ ಕಣ್ಣಿಗೇ ಏನೋ ಆಗಿದೆ ಎಂದೂ ಅಂದಿದ್ದೆ. ಕನ್ನಡದಲ್ಲಿ ಇದಕ್ಕಿಂತ ಬರೋಬ್ಬರಿ ಹೇಳುವ ಮಾತು ನನಗೆ ಗೊತ್ತಿಲ್ಲ.

ಒಂದು ಕಣ್ಣಿಗೆ ಬಂದದ್ದು ಇನ್ನೊಂದಕ್ಕೂ ಬರಬಹುದು ಎಂದು ಡಾಕ್ಟರು ಹೇಳಿದ್ದಾಳೆ. ಆ ಚೌಕುಳಿ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ಎಡಗಣ್ಣಿಗೆ ಕೈ ಅಡ್ಡ ಹಿಡಿದು ಬಲಗಣ್ಣಿನಿಂದ ನೋಡುತ್ತೇನೆ. ಇವತ್ತಿನವರೆಗೆ ಗೆರೆಗಳು ನೇರವಾಗಿವೆ. ಅವರು ಪಕ್ಕದಲ್ಲಿ ಹಾದುಹೋಗುತ್ತ "ಹ್ಯಾಂಗೈತಿ?" ಎಂದು ಕೇಳುತ್ತಾರೆ, ಪ್ರೀತಿಯಿಂದಲೇ ಕೇಳುತ್ತಾರೆ. ಚೆನ್ನಾಗಿದೆ ಎನ್ನುತ್ತೇನೆ. ಯಾವತ್ತಾದರೂ ಒಂದು ಗೆರೆ ಬಾಗಿದರೂ ಚೆನ್ನಾಗಿದೆ ಎಂದೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಆಟೋ ಹಿಡಿದು ಒಬ್ಬಳೇ ಆಸ್ಪತ್ರೆಗೆ ಹೋಗುತ್ತೇನೆ. ಅವರಿಗೆ ಹೇಳುವುದಿಲ್ಲ. ಹೇಳಿದರೆ ಅವರು ಮೊದಲು ಲೆನ್ಸು ಬಿಚ್ಚುತ್ತಾರೆ.